ಇದು ನಮ್ಮೂರ ಗದ್ದಲಾನೇ ಕಣ್ರೀ

ಹೋದ ಸಲ ಸೊಗಡವರೆ ನೋಡಿ ಆರಿಸ್ಕೊಳ್ಳೋದು ಹೆಂಗೆ ಅಂತ ಬರ್ದು, ಮುಂದಿನ ವಾರ ಹಿತಕಬೇಳೆ ಸಾರು ಹೇಳ್ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಆ ಸಾರು ಇನ್ನೊಂದು ವಾರ ಕಾಯ್ಲಿ. ಈ ವಾರ ನಂಗೆ ಜಗಳ ಐತೆ. ಅದನ್ನ ಮುಗಿಸ್ದೆ ಒಗ್ಗರಣೆ ಹಾಕಕ್ಕೆ ಮನಸ್ಸಿಲ್ಲ.

ಜಗಳ ಶುರುವಾಗಿದ್ದು ಒಂದು ಟೀ ಶರ್ಟಿಂದ. ನವೆಂಬರ್‌ನಲ್ಲಿ ಮಗಳನ್ನ ನೋಡಕ್ಕೆ ಹೊಸಕೋಟೆ ಕಡೆಯಿಂದ ಒಂದು ಮನೆಯೋರು ಬಂದಿದ್ರು. ಕೇಸರಿಬಾತು, ಬೋಂಡ, ಕಾಫಿ ಎಲ್ಲಾ ಆಯ್ತು. ಹುಡುಗನ ತಾಯಿ "ಮನೆ ನೋಡ್ಬೋದಾ" ಅಂತ ತಾರಸಿಗೆ ಹತ್ತಿದ್ರು. ಅಲ್ಲಿ ತಂತಿ ಮೇಲೆ ಯಜಮಾನ್ರ ಪಂಚೆ, ನನ್ನ ನೈಟಿ, ಅವೆರಡರ ಮಧ್ಯ ಒಂದು ಕರೀ ಟೀ ಶರ್ಟು. ಅದರ ಮೇಲೆ ಹಲ್ಲು ಕಿರಿದುಕೊಂಡು ನಿಂತಿರೋ ಅಸ್ಥಿಪಂಜರ. ಇಂಗ್ಲೆಂಡಿನ ಐರನ್ ಮೇಡನ್ ಅನ್ನೋ ಬ್ಯಾಂಡಿನ ಗುರುತು ಅದು, ಎಡ್ಡಿ ಅಂತ ಹೆಸರು. "ಇದು ಹುಡುಗೀದಾ?" ಅಂತ ಕೇಳಿದ್ರು ಆಯಮ್ಮ. ನನ್ನ ಮಗಳಿಗೆ ಸುಳ್ಳು ಹೇಳಕ್ಕೆ ಬರಲ್ಲ. "ಅಲ್ಲ ಆಂಟಿ, ಅಮ್ಮಂದು" ಅಂದ್ಬಿಟ್ಲು.

ಎರಡು ದಿನ ಬಿಟ್ಟು ಮಧ್ಯಸ್ಥಿಕೆ ಮಾಡಿದ್ದೋರು ಫೋನ್ ಮಾಡಿದ್ರು. ಹುಡುಗಿ ಒಪ್ಪಿಗೆಯಂತೆ, ಆದ್ರೆ "ಮನೆ ವಾತಾವರಣ" ಹೊಂದಲ್ವಂತೆ. ಮಗಳು ನಕ್ಕು ಆಫೀಸಿಗೆ ಹೋದ್ಲು. ಯಜಮಾನ್ರು ಬೈಲಿಲ್ಲ, ಅವರು ಬೈಯೋ ಪೈಕಿ ಅಲ್ಲ. "ಇವಳ ಮದುವೆ ಆಗೋವರ್ಗೂ ಆ ಸ್ಪೀಕರು, ಆ ಶರ್ಟು ಎರಡೂ ಬೀರುನಲ್ಲಿ ಇರ್ಲಿ ಕಣೆ" ಅಂತ ಮೆತ್ತಗೆ ಹೇಳಿದ್ರು. ಜೋರಾಗಿ ಹೇಳಿದ್ರೆ ನಾನೂ ಜೋರಾಗಿ ಏನಾದ್ರೂ ಅಂದಿರ್ತಿದ್ದೆ. ಮೆತ್ತಗೆ ಹೇಳಿದ್ದಕ್ಕೆ ಒಂದು ತಿಂಗಳು ಬಾಯಿ ಮುಚ್ಕೊಂಡು ಇಯರ್‌ಫೋನಲ್ಲಿ ಕೇಳಿದೆ.

ಡಿಸೆಂಬರ್ ಕೊನೇ ಭಾನುವಾರ ಅವರೆಕಾಳು ಹಿತುಕಕ್ಕೆ ನಮ್ಮ ವಾರಗಿತ್ತಿ ಬಂದಿದ್ರು. ಯಜಮಾನ್ರ ಅಣ್ಣನ ಹೆಂಡ್ತಿ, ನಂಗೆ ಅಕ್ಕನ ಸಮಾನ, ಕೈ ತುಂಬಾ ಚುರುಕು. ಹಾಡು ಹಾಕೇ ಇರ್ಲಿಲ್ಲ. ಆದ್ರೂ ಆ ಮಾತು ಎತ್ತಿದ್ರು. "ಅದು ಸಂಗೀತ ಅಲ್ಲ ಕಣೆ, ಗದ್ದಲ. ನಮ್ಮ ಪೈಕಿದೂ ಅಲ್ಲ, ದಂಡಿನೋರ ಕುಣಿತ. ನಿಂಗೆ ಐವತ್ತನಾಲ್ಕು ಆಯ್ತು, ಇನ್ನೂ ಇದೇನೇ?"

ಆ ಪಾತ್ರೆ ಬೇಳೆ ಮುಗಿಯೋವರ್ಗೂ ನಾನು ಸುಮ್ನಿದ್ದೆ. ಈಗ ಉತ್ತರ ಕೊಡ್ತೀನಿ. ಜೊತೆಗೆ, ಅವರು ಗದ್ದಲ ಅಂದ ಈ 2024ನೇ ಇಸವಿ ಗದ್ದಲದಲ್ಲಿ ನಂಗೆ ಯಾವ್ಯಾವುದು ಹಿಡಿಸ್ತು ಅಂತಾನೂ ಹೇಳ್ತೀನಿ. ಯಾವುದನ್ನ ಬೀರುನಲ್ಲಿ ಇಡು ಅಂತಾವ್ರೋ ಅದೇನು ಅಂತ ನಿಮಗೂ ಗೊತ್ತಾಗ್ಲಿ.

ವಯಸ್ಸಿನ ಮಾತು ಮೊದಲು ಮುಗಿಸ್ತೀನಿ. ಈ ವರ್ಷ ಮಾರ್ಚ್ 8ನೇ ತಾರೀಕು ಜೂಡಸ್ ಪ್ರೀಸ್ಟ್ ಬ್ಯಾಂಡಿನ 'ಇನ್‌ವಿನ್ಸಿಬಲ್ ಶೀಲ್ಡ್' ಬಂತು, ಅವರ ಹತ್ತೊಂಬತ್ತನೇ ಆಲ್ಬಂ. ಅದ್ರಲ್ಲಿ ಕಿರುಚಿರೋ ರಾಬ್ ಹಾಲ್‌ಫರ್ಡ್‌ಗೆ ಆಗ ಎಪ್ಪತ್ತೆರಡು ವರ್ಷ. ಹಾಡಿರೋನಿಗೇ ಎಪ್ಪತ್ತೆರಡಾದ್ರೆ ಕೇಳೋಳಿಗೆ ಐವತ್ತನಾಲ್ಕು ಹೆಚ್ಚಾಯ್ತಾ?

ಇನ್ನು "ನಮ್ಮ ಪೈಕಿದಲ್ಲ" ಅನ್ನೋದು. ಇದು ನಂಗೆ ಎದೆಗೆ ತಾಗಿದ ಮಾತು.

ನಾನು ಹುಟ್ಟಿ ಬೆಳೆದಿದ್ದು ಕೆ.ಆರ್. ಪುರದಲ್ಲಿ. ನಮ್ಮಪ್ಪ ಐಟಿಐನಲ್ಲಿ ಕೆಲಸಕ್ಕಿದ್ರು, ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ. ಬೆಳಗ್ಗೆ ಸೈರನ್ ಕೂಗಿದ್ರೆ ಅದೇ ನಮಗೆ ಗಡಿಯಾರ. ಆಚೆಗೆ ಎಚ್‌ಎಎಲ್, ಈಚೆಗೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಪೂರ್ವದ ಬೆಂಗಳೂರು ಅಂದ್ರೆ ಆಗ ಶಿಫ್ಟು, ಟಿಫನ್ ಕ್ಯಾರಿಯರ್ರು, ಗ್ರೀಸ್ ಅಂಟಿರೋ ಖಾಕಿ ಪ್ಯಾಂಟು. ನಮ್ಮಮ್ಮ ಆ ಪ್ಯಾಂಟನ್ನ ಸೋಪು ಹಚ್ಚಿ ಕಲ್ಲಿಗೆ ಬಡಿಯೋ ಸದ್ದು ಈಗ್ಲೂ ಕಿವಿಯಲ್ಲೈತೆ. 1988ರಲ್ಲಿ, ನಾನು ಎರಡನೇ ಪಿಯುಸಿ, ನನ್ನ ತಮ್ಮ ಯಾರೋ ಸ್ನೇಹಿತನ ಹತ್ರ ಕಾಪಿ ಮಾಡ್ಸಿಕೊಂಡು ಒಂದು ತೊಂಬತ್ತು ನಿಮಿಷದ ಕ್ಯಾಸೆಟ್ ತಂದ. ಒಂದು ಕಡೆ ಜೂಡಸ್ ಪ್ರೀಸ್ಟ್‌ನ 'ಬ್ರಿಟಿಷ್ ಸ್ಟೀಲ್', ಇನ್ನೊಂದು ಕಡೆ ಬ್ಲ್ಯಾಕ್ ಸಬ್ಬತ್. ಅವನಿಗಿಂತ ಮುಂಚೆ ನಂಗೆ ಹುಚ್ಚು ಹತ್ತಿತು. ಇಂಗ್ಲಿಷು ಅರ್ಧ ಅರ್ಥ ಆಗ್ತಿರ್ಲಿಲ್ಲ. ಸದ್ದು ಮಾತ್ರ ಪೂರ್ತಿ ಅರ್ಥ ಆಗ್ತಿತ್ತು. ನಮ್ಮಪ್ಪ ಕೆಲ್ಸ ಮಾಡ್ತಿದ್ದ ಜಾಗದ ಸದ್ದು ಅದು.

ಆಮೇಲೆ ವರ್ಷಗಟ್ಟಲೆ ಕಳೆದು ಮಗಳ ಕಂಪ್ಯೂಟರ್‌ನಲ್ಲಿ ಓದಿದಾಗ ಗೊತ್ತಾಯ್ತು, ನಂಗೆ ಅನ್ಸಿದ್ದು ಸುಳ್ಳಲ್ಲ ಅಂತ. ಈ ಎರಡೂ ಬ್ಯಾಂಡು ಬರ್ಮಿಂಗ್‌ಹ್ಯಾಮ್ ಕಡೆಯವು, ಇಂಗ್ಲೆಂಡಿನ ಕಾರ್ಖಾನೆ ಊರು. ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಐಯೋಮಿ ಹದಿನೇಳು ವರ್ಷದಲ್ಲಿ ಶೀಟ್ ಮೆಟಲ್ ಕಾರ್ಖಾನೆ ಕೆಲಸದಲ್ಲಿ ಬಲಗೈ ಎರಡು ಬೆರಳಿನ ತುದಿ ಕಳ್ಕೊಂಡ. ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೋಪಿ ಥರ ಮಾಡ್ಕೊಂಡು ಮತ್ತೆ ನುಡಿಸಿದ. ತಂತಿ ಬಿಗಿಯಾಗಿದ್ರೆ ಒತ್ತಕ್ಕೆ ಕಷ್ಟ ಅಂತ ಸಡ್ಲ ಮಾಡ್ದ. ಆ ಸಡ್ಲ ತಂತಿಯಿಂದ ಬಂದ ದಪ್ಪ ಸದ್ದು ಆಮೇಲೆ ಲೋಕಕ್ಕೆಲ್ಲ ಹೆವಿ ಮೆಟಲ್ ಆಯ್ತು. ಅವರ ಮೊದಲನೇ ಆಲ್ಬಂ 1970ರದ್ದು, ನಾನು ಹುಟ್ಟಿದ ವರ್ಷ. 'ಬ್ರಿಟಿಷ್ ಸ್ಟೀಲ್' ಮಾಡೋವಾಗ ಜೂಡಸ್ ಪ್ರೀಸ್ಟ್‌ನೋರು ಚಮಚ, ಫೋರ್ಕು ಇಡೋ ತಟ್ಟೆ ಅಲ್ಲಾಡ್ಸಿ ಅದರ ಸದ್ದನ್ನ ಹಾಡಿಗೆ ಹಾಕವ್ರೆ, ಹಾಲಿನ ಬಾಟ್ಲಿ ಒಡೆದು ರೆಕಾರ್ಡ್ ಮಾಡವ್ರೆ. ಅಡುಗೆಮನೆ ಸಾಮಾನು! ಇದನ್ನ ನಮ್ಮ ವಾರಗಿತ್ತಿಗೆ ಹೇಳಿದ್ರೆ "ಹಾಲಿನ ಬಾಟ್ಲಿ ಒಡೆದ್ರಾ, ದರಿದ್ರ" ಅಂತಾರೆ, ಅದೂ ಗೊತ್ತು.

ಹಂಗಾಗಿ ಇದು ಸೂಟು ಬೂಟಿನೋರ ಸಂಗೀತ ಅಂತ ಯಾರಾದ್ರೂ ಅಂದ್ರೆ ನಂಗೆ ಒಳಗೇ ಉರಿಯತ್ತೆ. ಕೂಲಿ ಮಾಡೋರ ಮಕ್ಕಳು ಮಾಡಿದ ಸಂಗೀತ ಇದು. ಐಟಿಐ ನೌಕರನ ಮಗಳಿಗೆ ಇದು ಹಿಡಿಸಿದ್ರೆ ಅದ್ರಲ್ಲಿ ಆಶ್ಚರ್ಯ ಏನೈತೆ?

"ದಂಡಿನೋರ ಕುಣಿತ" ಅಂದ್ರಲ್ಲ, ಅದೂ ಇರ್ಲಿ. ದಂಡು ಅಂದ್ರೆ ಬೇರೆ ದೇಶವಾ? ನಾನು ಮದುವೆಯಾಗಿ ಬಂದಿದ್ದು ಹಲಸೂರಿಗೆ. ನಮ್ಮ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷು ಐದೂ ಜಗಳಕ್ಕೂ ಬರ್ತವೆ, ರಾಜಿಗೂ ಬರ್ತವೆ. ಈ ಊರಲ್ಲಿ 1980ರ ದಶಕದ ಕೊನೆಗೇ ಮಿಲೇನಿಯಂ ಅನ್ನೋ ಹೆವಿ ಮೆಟಲ್ ಬ್ಯಾಂಡ್ ಇತ್ತು. 1996ರಿಂದ ಆಗಸ್ಟ್ 15ಕ್ಕೆ ಟಿಕೆಟ್ ಇಲ್ದೆ ಫ್ರೀಡಂ ಜ್ಯಾಮ್ ನಡೀತಾ ಬಂತು. 2007ರ ಮಾರ್ಚ್ 17ಕ್ಕೆ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಊರೂರಿಂದ ಹುಡುಗರು ರೈಲು ಹತ್ತಿ ಬಂದಿದ್ರು. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ. ಅದಕ್ಕೆ ಎರಡು ದಿನ ಮುಂಚೆ ಗುರ್‌ಗಾಂವ್‌ನಲ್ಲಿ ಅವರ ಕಾರ್ಯಕ್ರಮ ನಡೀದೆ ರದ್ದಾಗಿ ರಂಪ ಆಯ್ತು, ಬೆಂಗಳೂರಲ್ಲಿ ಮಾತ್ರ ನಡೀತು. 2012ರಿಂದ ಬೆಂಗಳೂರು ಓಪನ್ ಏರ್ ಅಂತ ಮೆಟಲ್‌ಗೇ ಒಂದು ಜಾತ್ರೆ. ಇಷ್ಟೆಲ್ಲ ಆದ್ಮೇಲೂ "ನಮ್ದಲ್ಲ" ಅಂದ್ರೆ, ಫಿಲ್ಟರ್ ಕಾಫಿಯೂ ನಮ್ದಲ್ಲ, ಮೆಣಸಿನಕಾಯಿಯೂ ನಮ್ದಲ್ಲ.

ಆ ಟೀ ಶರ್ಟಿನ ಕತೆ ಇಲ್ಲೇ ಹೇಳ್ಬಿಡ್ತೀನಿ. 2007ರಲ್ಲಿ ನನ್ನ ತಮ್ಮ ನಂಗೂ ಸೇರ್ಸಿ ಟಿಕೆಟ್ ತಗೊಂಡಿದ್ದ. ಯುಗಾದಿಗೆ ಎರಡು ಮೂರು ದಿನ ಇತ್ತು. ಮನೆ ಸುಣ್ಣ, ಪಾತ್ರೆ ಬೆಳಗೋದು, ಅತ್ತೆಗೆ ಹುಷಾರಿರ್ಲಿಲ್ಲ. ಹೋಗ್ತೀನಿ ಅಂತ ಕೇಳಕ್ಕೇ ನಂಗೆ ಬಾಯಿ ಬರ್ಲಿಲ್ಲ. ಬೇಡ ಅಂತ ಯಾರೂ ಅಂದಿಲ್ಲ, ಅದನ್ನ ಸರಿಯಾಗೇ ಹೇಳ್ಬೇಕು. ಕೇಳದೋಳು ನಾನೇ. ಮೂವತ್ತೇಳು ವರ್ಷದ ಹೆಂಗಸು, ಎರಡು ಮಕ್ಕಳ ತಾಯಿ, "ನಾನು ಅರಮನೆ ಮೈದಾನಕ್ಕೆ ಹಾಡು ಕೇಳಕ್ಕೆ ಹೋಗ್ತೀನಿ" ಅಂದ್ರೆ ಮನೆಯೋರು ಮುಖ ಹೆಂಗೆ ಮಾಡ್ತಾರೆ ಅಂತ ಹೆದರಿ ಆ ರಾತ್ರಿ ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ಉಜ್ತಾ ಕೂತಿದ್ದೆ. ತಮ್ಮ ನನ್ನ ಟಿಕೆಟ್ ಯಾರಿಗೋ ಕೊಟ್ಟು, ಆ ದುಡ್ಡಲ್ಲಿ ನಂಗೆ ಶರ್ಟು ತಂದ. ಹದಿನೇಳು ವರ್ಷದಿಂದ ಐತೆ. ಕರೀ ಬಣ್ಣ ಹೋಗಿ ಬೂದಿ ಬಣ್ಣ ಆಗೈತೆ, ಕಂಕುಳಲ್ಲಿ ಎರಡು ಸಲ ಹೊಲಿಗೆ ಹಾಕೀನಿ. ಮೆಟಾಲಿಕಾಗೆ ಮಾತ್ರ ಹೋದೆ. ದೀಪಾವಳಿ ಮುಗಿದ ಭಾನುವಾರ, ಚೂಡಿದಾರದ ಮೇಲೆ ಇದೇ ಶರ್ಟು ಹಾಕ್ಕೊಂಡು, ಕೆಸರಲ್ಲಿ ಚಪ್ಪಲಿ ಕಿತ್ತು ಕೈಲಿ ಹಿಡ್ಕೊಂಡು ನಿಂತಿದ್ದೆ. ಪಕ್ಕದ ಹುಡುಗ ನನ್ನ ನೋಡಿ "ಆಂಟಿ, ಮಗನ್ನ ಹುಡುಕ್ತಿದೀರಾ?" ಅಂದ. ಇಲ್ಲಪ್ಪ, ನಂದೇ ಟಿಕೆಟ್ಟು ಅಂದೆ. ಅವನು ಸ್ವಲ್ಪ ಜಾಗ ಬಿಟ್ಟ.

ಆ ಶರ್ಟನ್ನೇ ಬೀರುನಲ್ಲಿ ಇಡು ಅಂದಿರೋದು.

ಈಗ ಗದ್ದಲದ ಮಾತಿಗೆ ಬರ್ತೀನಿ. ಗದ್ದಲ ಹೌದು. ಅಲ್ಲ ಅಂತ ಯಾರಂದ್ರು? ಆದ್ರೆ ಗದ್ದಲ ಮಾಡೋದ್ರಲ್ಲಿ ನಾವೇನು ಕಮ್ಮಿನಾ? ಹಲಸೂರು ಸೋಮೇಶ್ವರನ ಪಲ್ಲಕ್ಕಿ ರಾತ್ರಿ ಒಂದ್ಸಲ ಬಂದು ನಮ್ಮ ಬೀದಿಯಲ್ಲಿ ನಿಲ್ಲಿ. ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸ್ತಾರೆ, ಚರ್ಮ ಬಿಗಿಯಾದ್ಮೇಲೆ ಒಂದು ಏಟು ಬಿದ್ರೆ ಎದೆಗೂಡು ಅದುರತ್ತೆ. ಅದು ನಂಗೆ ಪ್ರಾಣ. ಮೆಟಲ್ ಬ್ಯಾಂಡಿನ ಡ್ರಮ್ಮರ್ ಎರಡು ಕಾಲಲ್ಲೂ ಪೆಡಲ್ ತುಳಿದಾಗ ಅದೇ ಜಾಗದಲ್ಲಿ, ಅದೇ ಎದೆಗೂಡಲ್ಲಿ ಅದುರೋದು. ವೀರಗಾಸೆಯೋರು ಒಡಪು ಹೇಳೋದು ಕೇಳಿದೀರಾ? ಕಣ್ಣು ಕೆಂಪಗೆ ಮಾಡ್ಕೊಂಡು, ಕತ್ತಿ ಹಿಡ್ಕೊಂಡು, ದಕ್ಷನ ಯಜ್ಞ ಹಾಳು ಮಾಡಿದ್ದನ್ನ ಗಂಟಲು ಹರಿಯೋ ಹಂಗೆ ಕೂಗ್ತಾರೆ. ಅದಕ್ಕೆ ನಮ್ಮ ವಾರಗಿತ್ತಿ ಕೈ ಮುಗೀತಾರೆ. ನಾನೂ ಮುಗೀತೀನಿ. ಅದೇ ಗಂಟಲಲ್ಲಿ ಜೀನ್ಸ್ ಹಾಕಿರೋ ಹುಡುಗ ಕೂಗಿದ್ರೆ ದೆವ್ವ ಹಿಡಿದೈತೆ ಅಂತಾರೆ.

ದೆವ್ವದ ವಿಷಯಾನೂ ಹೇಳ್ಬೇಕು. ಅಸ್ಥಿಪಂಜರ ನೋಡಿ ಬೆಚ್ಚಿಬಿದ್ರಲ್ಲ ಹುಡುಗನ ತಾಯಿ, ಅವರ ಮನೆ ದೇವರ ಕೋಣೆಯಲ್ಲಿ ರುಂಡಮಾಲೆ ಹಾಕ್ಕೊಂಡಿರೋ ಕಾಳಿ ಇರಲ್ವಾ? ಹೊಸ ಮನೆ ಕಟ್ಟೋವಾಗ ದೃಷ್ಟಿಗೆ ಅಂತ ಕೋರೆಹಲ್ಲಿನ ಮುಖ ತೂಗ್ಹಾಕಲ್ವಾ? ನಮ್ಮನೆ ತಾರಸಿಗೆ ಎಡ್ಡಿ ದೃಷ್ಟಿಗೊಂಬೆ ಅಂತ ಹೇಳ್ಬಿಡ್ಬೇಕಿತ್ತು, ಆಗ ಹೊಳೀಲಿಲ್ಲ.

ಒಂದು ಕಡೆ ಮಾತ್ರ ನಾನು ಗದ್ದಲ ಬೇಡ ಅನ್ನೋರ ಪರ. ಇಂದಿರಾನಗರದಲ್ಲಿ ನನ್ನ ನಾದಿನಿ ಮನೆ ಐತೆ. ಪಬ್ಬಿನ ಡಿಜೆ ಸದ್ದಿಗೆ ಅವಳ ಮಾವ ರಾತ್ರಿ ನಿದ್ದೆ ಮಾಡ್ದೆ ಎದ್ದು ಕೂತಿದ್ದನ್ನ ಕಣ್ಣಾರೆ ನೋಡೀನಿ. ವಸತಿ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಅಂತ ಕಾನೂನೇ ಐತೆ, ರಾತ್ರಿ ಹತ್ತರ ಮೇಲೆ ಹೊರಗೆ ಮೈಕು ಹಾಕಂಗಿಲ್ಲ. ಅಲ್ಲಿನ ಜನ ಜಗಳ ಆಡಿದ್ದು ನ್ಯಾಯ. ಆದ್ರೆ ಆಗಿದ್ದೇನು? ಕ್ಯಾಬರೆ, ಡಿಸ್ಕೊ, ಲೈವ್ ಬ್ಯಾಂಡು ಮೂರನ್ನೂ ಒಂದೇ ಮೂಟೆ ಕಟ್ಟಿ 2005ರಲ್ಲಿ ಲೈಸೆನ್ಸಿನ ಆದೇಶ ಬಂದಿತ್ತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನ ಎತ್ತಿಹಿಡೀತು. ಆ ವರ್ಷ ಇಂದಿರಾನಗರದಲ್ಲಿ ಎಷ್ಟೋ ಕಡೆ ಬ್ಯಾಂಡ್ ನುಡಿಸೋದೇ ನಿಂತ್ಹೋಯ್ತು. ಹನ್ನೆರಡನೇ ಮೇನ್‌ನಲ್ಲಿದ್ದ ಹಮ್ಮಿಂಗ್ ಟ್ರೀ, ಹೊಸ ಹುಡುಗರಿಗೆಲ್ಲ ವೇದಿಕೆ ಕೊಟ್ಟ ಜಾಗ, 2019ರಲ್ಲಿ ಬಾಗಿಲು ಹಾಕ್ತು. ಪಬ್ಬು ಕಮ್ಮಿ ಆಯ್ತಾ? ಡಿಜೆ ಕಮ್ಮಿ ಆಯ್ತಾ? ಸಂಜೆ ಏಳಕ್ಕೆ ಹೋಗಿ ಒಂಬತ್ತೂವರೆಗೆ ಮನೆ ಸೇರೋ ಹಂಗೆ ಗಿಟಾರ್ ಕೇಳಕ್ಕೆ ನಂಗೊಂದು ಜಾಗ ಇತ್ತು, ಅದು ಹೋಯ್ತು. ರಾತ್ರಿ ಒಂದು ಗಂಟೆ ಧಡ್ ಧಡ್ ಇನ್ನೂ ಐತೆ. ಕಳೆ ಕೀಳ್ತೀವಿ ಅಂತ ಪೈರು ಕಿತ್ತಂಗೆ.

ಸರಿ, ಆಲ್ಬಂ ಹೇಳ್ತೀನಿ ಅಂದಿದ್ದೆ. ವರ್ಷದ ಕೊನೆಗೆ ಹುಡುಗರು ಐವತ್ತು, ನೂರು ಆಲ್ಬಮ್ಮಿನ ಪಟ್ಟಿ ಮಾಡ್ತಾರೆ. ಅಷ್ಟು ಕೇಳಕ್ಕೆ ನಂಗೆ ಪುರುಸೊತ್ತಿಲ್ಲ. ನನ್ನ ಪರೀಕ್ಷೆ ಬೇರೆ. ಮಿಕ್ಸಿ ತಿರುಗ್ತಿರ್ಬೇಕು, ಕುಕ್ಕರ್ ಕೂಗ್ತಿರ್ಬೇಕು, ಆಗ್ಲೂ ಹಾಡು ತನ್ನ ಜಾಗ ಬಿಟ್ಕೊಡ್ದೆ ಕಿವಿಗೆ ಬರ್ಬೇಕು. ಆಮೇಲೆ ರಾತ್ರಿ ಎಲ್ಲ ಮಲಗಿದ್ಮೇಲೆ ಅವರೆಕಾಳು ಹಿತುಕ್ತಾ ಇಯರ್‌ಫೋನಲ್ಲಿ ಎರಡನೇ ಸಲ ಕೇಳ್ಬೇಕು ಅನ್ನಿಸ್ಬೇಕು. ಎರಡರಲ್ಲೂ ಪಾಸಾದವು ಐದಾರು.

ಮೊದಲನೇದು, ಯಾವ ಅನುಮಾನಾನೂ ಇಲ್ದೆ, ಕ್ರಿಪ್ಟೋಸ್ ಬ್ಯಾಂಡಿನ 'ಡೆಸಿಮೇಟರ್'. ಜುಲೈ 5ಕ್ಕೆ ಬಂತು. ಇವರು ಬೆಂಗಳೂರಿನೋರು. 1998ರಲ್ಲಿ ಶುರು ಮಾಡಿದ್ದು, ಇದು ಏಳನೇ ಆಲ್ಬಂ. ಎರಡು ಗಿಟಾರು ಜೋಡಿ ಎತ್ತಿನ ಥರ ಒಂದೇ ಹೆಜ್ಜೆಯಲ್ಲಿ ಹೋಗ್ತವೆ, ನನ್ನ 1988ರ ಕ್ಯಾಸೆಟ್ಟಿನ ರಾಗ ಅದು, ಅದರ ಮೇಲೆ ನೋಲನ್ ಲೂಯಿಸ್‌ನ ಗಂಟಲು ಮರಳುಕಾಗದ ಉಜ್ಜಿದಂಗೆ. 'ಸೈರನ್ಸ್ ಆಫ್ ಸ್ಟೀಲ್' ಅನ್ನೋ ಹಾಡಿನ ಹೆಸರು ನೋಡೇ ನಮ್ಮಪ್ಪನ ಕಾರ್ಖಾನೆ ನೆನಪಾಯ್ತು, ಅವರು ಯಾವ ಅರ್ಥದಲ್ಲಿ ಇಟ್ರೋ ಏನೋ. ಹೊಸದೇನೂ ಮಾಡಿಲ್ಲ ಅಂತ ಕೆಲವು ಹುಡುಗರು ಮೂಗು ಮುರೀತಾರೆ. ಮುದ್ದೆ ಸಾರಲ್ಲಿ ಹೊಸದೇನೈತಪ್ಪ? ಮುದ್ದೆ ಗಂಟಿಲ್ದೆ ತಿರುವಿದ್ರೆ ಸಾಕು. ಇವರು ಗಂಟಿಲ್ದೆ ತಿರುವವ್ರೆ.

ಇಲ್ಲೇ ನನ್ನ ಹೊಟ್ಟೆಯುರಿ ಇರೋದು. ಈ ಆಲ್ಬಂ ಹೊರಗೆ ತಂದಿರೋದು ಎಎಫ್‌ಎಂ ಅನ್ನೋ ಜರ್ಮನಿ ಕಂಪನಿ. 2013ರಲ್ಲೇ ಇವರು ಜರ್ಮನಿಯ ವಾಕನ್ ಅನ್ನೋ ಹಳ್ಳಿಯಲ್ಲಿ ನಡೆಯೋ ಭಾರೀ ಮೆಟಲ್ ಜಾತ್ರೆಯಲ್ಲಿ ನುಡಿಸಿ ಬಂದವ್ರೆ. ಅಲ್ಲಿನ ರೈತರ ಊರಿಗೆ ನಮ್ಮೂರ ಹುಡುಗರು ಗೊತ್ತು. ನಮ್ಮನೆಗೆ ಬರೋ ಕನ್ನಡ ಪೇಪರ್‌ನಲ್ಲಿ ಇಡೀ ವರ್ಷ ಅವರ ಬಗ್ಗೆ ಒಂದು ಸಾಲು ನನ್ನ ಕಣ್ಣಿಗೆ ಬೀಳ್ಲಿಲ್ಲ. ಯಾವ ನಟನ ನಾಯಿಗೆ ಜ್ವರ ಬಂತು ಅನ್ನೋದು ಬಂತು. ಕ್ರಿಕೆಟ್ ಆಡಿದ್ರೆ, ಸಾಫ್ಟ್‌ವೇರ್ ಬರೆದ್ರೆ "ನಮ್ಮ ಬೆಂಗಳೂರ ಹುಡುಗ". ಗಿಟಾರ್ ಹಿಡಿದ್ರೆ ಅವನು ದಂಡಿನೋನು.

ಎರಡನೇದು ಜೂಡಸ್ ಪ್ರೀಸ್ಟ್, ಆಗ್ಲೇ ಹೇಳಿದೆ. ಅವರ ಹಳೇ ಗಿಟಾರ್ ವಾದಕ ಗ್ಲೆನ್ ಟಿಪ್ಟನ್‌ಗೆ ಪಾರ್ಕಿನ್ಸನ್ಸ್ ಕಾಯಿಲೆ, 2018ರಲ್ಲಿ ಅವನೇ ಬಹಿರಂಗ ಮಾಡ್ದ. ಆದ್ರೂ ಬ್ಯಾಂಡು ಅವನನ್ನ ಆಚೆ ಹಾಕಿಲ್ಲ, ಈ ಆಲ್ಬಮ್ಮಲ್ಲೂ ಅವನವ್ನೆ. ನಮ್ಮತ್ತೆ ಕೈ ನಡುಗಕ್ಕೆ ಶುರುವಾದ್ಮೇಲೂ ಉಪ್ಪಿನಕಾಯಿಗೆ ಉಪ್ಪು ಅವರ ಕೈಯಿಂದಾನೇ ಹಾಕಿಸ್ತಿದ್ವಿ. ನಂಗೆ ಆ ಆಲ್ಬಂ ಕೇಳುವಾಗೆಲ್ಲ ಅತ್ತೆ ಕೈ ಕಣ್ಮುಂದೆ ಬರತ್ತೆ.

ಇನ್ನು ಪಂಕ್. ಗೊತ್ತಿಲ್ದೋರಿಗೆ ಹೇಳ್ತೀನಿ, ಮೆಟಲ್ ಅಂದ್ರೆ ಮದುವೆಮನೆ ಊಟ, ಎಲೆ ತುದಿಯಿಂದ ಶುರುಮಾಡಿ ಮಜ್ಜಿಗೆವರೆಗೂ ಕೂತು ತಿನ್ಬೇಕು. ಪಂಕ್ ಅಂದ್ರೆ ಸಂಜೆ ಮಳೆಯಲ್ಲಿ ನಿಂತ್ಕೊಂಡು ತಿನ್ನೋ ಮೆಣಸಿನಕಾಯಿ ಬಜ್ಜಿ. ಎರಡು ನಿಮಿಷ, ಬಾಯಿ ಉರೀತು, ಮುಗೀತು. ಈ ವರ್ಷ ಎರಡು ಬಜ್ಜಿ ಚೆನ್ನಾಗಿದ್ವು, ಎರಡೂ ಹೆಣ್ಮಕ್ಕಳ ಕೈಯಿಂದ. ಆಸ್ಟ್ರೇಲಿಯಾದ ಏಮಿಲ್ ಅಂಡ್ ದ ಸ್ನಿಫರ್ಸ್‌ದು 'ಕಾರ್ಟೂನ್ ಡಾರ್ಕ್‌ನೆಸ್', ಅಕ್ಟೋಬರ್‌ನಲ್ಲಿ ಬಂತು. ಏಮಿ ಟೇಲರ್ ಅನ್ನೋ ಹೆಂಗಸು ನಮ್ಮ ಹಲಸೂರು ಮಾರ್ಕೆಟ್‌ನಲ್ಲಿ ಸೊಪ್ಪಿನೋಳು ಚೌಕಾಸಿ ಮಾಡಿದೋನಿಗೆ ಉಗಿಯೋ ಹಂಗೆ ಹಾಡ್ತಾಳೆ. ಬೈಗುಳ ಜಾಸ್ತಿ, ಮಕ್ಕಳಿದ್ರೆ ಹಾಕ್ಬೇಡಿ. ಇನ್ನೊಂದು ಲಾಸ್ ಏಂಜಲೀಸ್‌ನ ಲಿಂಡಾ ಲಿಂಡಾಸ್, ಅವರ 'ನೋ ಆಬ್ಲಿಗೇಶನ್'. ಇಬ್ರು ಅಕ್ಕತಂಗೀರು, ಒಬ್ಬಳು ಕಸಿನ್ನು, ಒಬ್ಬಳು ಸ್ನೇಹಿತೆ. 2021ರಲ್ಲಿ ಲೈಬ್ರರಿಯಲ್ಲಿ ನುಡಿಸಿದ ಒಂದು ವಿಡಿಯೋದಿಂದ ಲೋಕಕ್ಕೆ ಗೊತ್ತಾದೋರು. ಆಗ ಡ್ರಮ್ ಬಾರಿಸೋ ಹುಡುಗಿಗೆ ಹತ್ತು ವರ್ಷ. ಹತ್ತು ವರ್ಷದ ಹುಡುಗಿ ಡ್ರಮ್ ಬಾರಿಸ್ತೀನಿ ಅಂದಾಗ ಆ ಮನೆಯೋರು "ವಾತಾವರಣ" ಅಂದಿದ್ರೆ ಏನಾಗ್ತಿತ್ತು ಅಂತ ಯೋಚ್ನೆ ಮಾಡ್ತೀನಿ.

ಬ್ಲಡ್ ಇನ್‌ಕ್ಯಾಂಟೇಶನ್ ಅನ್ನೋರ 'ಆಬ್ಸಲ್ಯೂಟ್ ಎಲ್ಸ್‌ವೇರ್' ಎಲ್ಲರ ಪಟ್ಟಿಯಲ್ಲೂ ಮೇಲೆ ಐತೆ. ಎರಡೇ ಹಾಡು, ಒಂದೊಂದೂ ಇಪ್ಪತ್ತು ನಿಮಿಷದ ಮೇಲೆ. ಮೊದಲು ಕೇಳಿದಾಗ ಮಿಕ್ಸಿನೇ ವಾಸಿ ಅನ್ನಿಸ್ತು. ಹಿತುಕೋ ರಾತ್ರಿ ಮತ್ತೆ ಹಾಕಿದೆ, ಒಂದು ಹಾಡಿಗೆ ಅರ್ಧ ಸೇರು ಬೇಳೆ ಆಯ್ತು. ಭಯಂಕರ ಅಬ್ಬರದ ಮಧ್ಯ ಇದ್ದಕ್ಕಿದ್ದಂಗೆ ನಿಂತು, ತಣ್ಣಗೆ ತೇಲ್ಕೊಂಡು ಹೋಗ್ತಾರೆ. ಒಳ್ಳೇದು, ಆದ್ರೆ ಪಟ್ಟಿಯ ಮೊದಲನೇ ಜಾಗ ನಾನು ಕೊಡಲ್ಲ. ಗ್ರೀನ್ ಡೇ 'ಸೇವಿಯರ್ಸ್' ಪರವಾಗಿಲ್ಲ, ಚಪಾತಿ ಲಟ್ಟಿಸಕ್ಕೆ ಸರಿ. ಲಿಂಕಿನ್ ಪಾರ್ಕ್ 'ಫ್ರಂ ಝೀರೋ' ನವೆಂಬರ್‌ನಲ್ಲಿ ಬಂತು. 2017ರಲ್ಲಿ ತೀರಿಹೋದ ಚೆಸ್ಟರ್ ಬೆನಿಂಗ್ಟನ್ ಜಾಗಕ್ಕೆ ಎಮಿಲಿ ಆರ್ಮ್‌ಸ್ಟ್ರಾಂಗ್ ಅನ್ನೋ ಹೆಂಗಸು ಬಂದವ್ಳೆ ಅಂತ ನನ್ನ ಮಗನ ಸ್ನೇಹಿತರು ಗೋಳೋ ಅಂತ ಅತ್ರು. ಈ ಹುಡುಗರಿಗೂ ನಮ್ಮ ವಾರಗಿತ್ತಿಗೂ ಏನು ವ್ಯತ್ಯಾಸ? ಅವರು ಹೆಂಗಸು ಕೇಳಬಾರ್ದು ಅಂತಾರೆ, ಇವರು ಹೆಂಗಸು ಹಾಡಬಾರ್ದು ಅಂತಾರೆ.

ನಮ್ಮೂರ ಬ್ಯಾಂಡಿನೋರಿಗೂ ನಂದೊಂದು ಮಾತೈತೆ, ಅವರನ್ನ ಸುಮ್ನೆ ಬಿಡಲ್ಲ. ಕನ್ನಡದಲ್ಲಿ ಯಾಕಪ್ಪ ಕೂಗಲ್ಲ ನೀವು? ಬೆಂಗಳೂರಲ್ಲಿ ಬೇವರ್ ಸೀ ಅಂತ ಒಂದು ಬ್ಯಾಂಡೈತೆ. ಹೆಸರು ಒಂದೇ ಉಸಿರಲ್ಲಿ ಹೇಳಿ ನೋಡಿ, ನಮ್ಮ ಬೈಗುಳಾನೇ. 2012ರಲ್ಲಿ ಮೊದಲ ಆಲ್ಬಂ ತಂದ್ರು, ಸದ್ದು ಎಮ್ಮೆ ನಡೆದಂಗೆ ನಿಧಾನ, ಭಾರ, ನಂಗೆ ಬಲು ಇಷ್ಟ. ಹೆಸರಿಗೆ ಕನ್ನಡ ಬೈಗುಳ ಬೇಕಾಯ್ತು, ಹಾಡಿಗೆ ಕನ್ನಡ ಬೇಡ್ವಾಯ್ತು. ದೆಹಲಿಯ ಬ್ಲಡಿವುಡ್ ಹಿಂದಿ, ಪಂಜಾಬಿಯಲ್ಲಿ ಮೆಟಲ್ ಮಾಡಿ ಲೋಕ ಸುತ್ತವ್ರೆ. ಮಂಗೋಲಿಯಾದ ದ ಹೂ ಅವರದೇ ಭಾಷೆಯಲ್ಲಿ ಗಂಟಲಿಂದ ಹಾಡ್ತಾರೆ. ಇಂಡೋನೇಷ್ಯಾದ ಹಳ್ಳಿ ಕಡೆ ಮೂರು ಹುಡುಗೀರು, ವಾಯ್ಸ್ ಆಫ್ ಬಾಸೆಪ್ರಾಟ್, ತಲೆಗೆ ಹಿಜಾಬ್ ಕಟ್ಕೊಂಡೇ ಮೆಟಲ್ ನುಡಿಸಿ ಈ ವರ್ಷ ಇಂಗ್ಲೆಂಡಿನ ಗ್ಲಾಸ್ಟನ್‌ಬರಿವರೆಗೂ ಹೋದ್ರು, ಅವರ ಸುಂದಾ ಭಾಷೆಯಲ್ಲೂ ಹಾಡ್ತಾರೆ. ರಘು ದೀಕ್ಷಿತ್, ಸ್ವರಾತ್ಮ ಕನ್ನಡ ಹಾಡಿದ್ರು, ಜನ ಕೇಳಿದ್ರು, ಆದ್ರೆ ಅದು ಜಾನಪದದ ಮೆದು ದಾರಿ. ನಂಗೆ ಬೇಕಾಗಿರೋದು ಭಾರದ್ದು. ಟ ಠ ಡ ಢ ಇಟ್ಕೊಂಡು, ಒಡಪಿನ ಗಂಟಲು ಇಟ್ಕೊಂಡು, ಇಷ್ಟು ವರ್ಷ ಇಂಗ್ಲಿಷಲ್ಲೇ ಗುರುಗುಟ್ಟಿದ್ರೆ ವಾರಗಿತ್ತಿ "ನಮ್ದಲ್ಲ" ಅನ್ನದೆ ಇನ್ನೇನಂತಾರೆ? ಅರ್ಧ ತಪ್ಪು ನಿಮ್ದೂ ಐತೆ. ಒಬ್ಬರಾದ್ರೂ ಒಂದು ಪೂರ್ತಿ ಆಲ್ಬಂ ಕನ್ನಡದಲ್ಲಿ ಮಾಡಿ ನೋಡಿ. ನಂಗೆ ಐವತ್ತನಾಲ್ಕು, ಇನ್ನು ಮೊಣಕಾಲು ಎಷ್ಟು ದಿನ ನಿಲ್ಲತ್ತೋ ಗೊತ್ತಿಲ್ಲ. ಮುಂದಿನ ಸಾಲಲ್ಲಿ ನಿಂತು ಕೇಳೋ ಆಸೆ ಐತೆ.

ಇದನ್ನೆಲ್ಲ ಯಜಮಾನ್ರಿಗೆ ಓದಿ ಹೇಳ್ದೆ. ಕೊನೇವರ್ಗೂ ಕೇಳಿ "ಕಾರ್ಖಾನೆ ವಿಷ್ಯ ಸರಿ. ಮಗಳ ವಿಷ್ಯ ಸರಿಯಿಲ್ಲ" ಅಂದ್ರು. ಮಗಳನ್ನೇ ಕೇಳಿದ್ವಿ. "ಶರ್ಟು ನೋಡಿ ಓಡಿಹೋಗೋ ಮನೆಗೆ ನಾನು ಹೋಗಿ ಏನು ಮಾಡ್ಲಿ" ಅಂದ್ಲು ಅವಳು. ಅವರು ಅದಕ್ಕೆ ಏನೂ ಹೇಳ್ಲಿಲ್ಲ, ನಾನೂ ಗೆದ್ದೆ ಅಂತ ಹೇಳಲ್ಲ. ಹೆಣ್ಣು ಹೆತ್ತೋರ ಭಯ ಏನು ಅಂತ ನಂಗೂ ಗೊತ್ತು.

ಬರೋ ಭಾನುವಾರ ಇನ್ನೊಂದು ಕಡೆಯೋರು ಬರ್ತಾವ್ರೆ. ಹುಡುಗ ಕೆ.ಆರ್. ಪುರದ ಡೀಸೆಲ್ ಶೆಡ್‌ನಲ್ಲಿ ಕೆಲಸಕ್ಕವ್ನಂತೆ. ಶರ್ಟು ಒಗೆದು ತಂತಿ ಮೇಲೆ ಹಾಕೀನಿ, ಯಜಮಾನ್ರು ಇದುವರ್ಗೂ ತೆಗೆದಿಲ್ಲ. ಸ್ಪೀಕರ್ ಮಾತ್ರ ಬೀರುನಲ್ಲೇ ಐತೆ, ಬೀಗದ ಕೈ ಅವರ ಹತ್ರ. ಹಿತಕಬೇಳೆ ಸಾರು ಮುಂದಿನ ವಾರ ಖಂಡಿತ.